ಎರಡು ಚುಕ್ಕೆ ಬಿಟ್ಟಿದ್ದಕ್ಕೆ ಎರಡು ಸಲ ಹೋದ ಹಣ

ಜರ್ಮನಿಯಿಂದ ಬರುವ ಇನ್‌ವಾಯ್ಸ್‌ಗಳನ್ನು ಸಿಸ್ಟಮ್‌ಗೆ ಹಾಕುವುದು ನನ್ನ ಕೆಲಸ. ಕೂತಿರುವುದು ಬೆಂಗಳೂರಿನಲ್ಲಿ, ಕೈಯಲ್ಲಿರುವುದು ಮಾಮೂಲಿ ಇಂಗ್ಲಿಷ್ ಕೀಬೋರ್ಡ್. ಜರ್ಮನ್‌ನಲ್ಲಿ ಎ, ಒ, ಯು ಮೇಲೆ ಎರಡೆರಡು ಚುಕ್ಕೆ ಬರುತ್ತವೆ. ಡಬಲ್ ಎಸ್ ಸದ್ದು ಕೊಡುವ, ಬಿ ಥರ ಕಾಣುವ ಇನ್ನೊಂದು ಅಕ್ಷರವೂ ಇದೆ. ಸೇರಿದ ಹೊಸದರಲ್ಲಿ ನಾನು ಚುಕ್ಕೆಗಳನ್ನು ಸುಮ್ನೆ ಬಿಟ್ಟುಬಿಡುತ್ತಿದ್ದೆ.

ಒಂದು ದಿನ ಒಬ್ಬ ಸಪ್ಲೈಯರ್ ಹೆಸರನ್ನು ಚುಕ್ಕೆ ಇಲ್ಲದೆ ಹುಡುಕಿದೆ. ಸಿಗಲಿಲ್ಲ. ಹೊಸದಾಗಿ ಸೇರಿಸಿದೆ. ಅದೇ ಹೆಸರು ಚುಕ್ಕೆ ಸಮೇತ ಮೊದಲೇ ಇತ್ತು, ಬಿಲ್ ಕೂಡ ಅಲ್ಲಿ ಹತ್ತಿತ್ತು. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಯಿತು. ವಾಪಸ್ ತರಿಸಲು ವಾರಗಟ್ಟಲೆ ಮೇಲ್ ಬರೆಯಬೇಕಾಯಿತು. ಆ ದಿನಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ನಮ್ಮ ಟೀಮ್ ಲೀಡ್ ಮೇಡಂ ಬೈಯಲಿಲ್ಲ. ಪಕ್ಕದಲ್ಲಿ ಕೂತು, ‘ಹಳ್ಳಿ, ಹಲ್ಲಿ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ’ ಎಂದರು. ಬರೆದೆ. ಎರಡೂ ಒಂದೇ! ‘ಚುಕ್ಕೆ ಬಿಟ್ರೆ ಜರ್ಮನರಿಗೂ ಹೀಗೇ ಅನ್ಸುತ್ತೆ, ಅಲ್ವಾ?’ ಎಂದರು. ಜರ್ಮನ್‌ನಲ್ಲಿ ‘ತ್ಸಾಲೆನ್’ ಅಂದರೆ ಹಣ ಕೊಡುವುದು, ‘ತ್ಸೇಲೆನ್’ ಅಂದರೆ ಎಣಿಸುವುದು. ಬರವಣಿಗೆಯಲ್ಲಿ ಇವೆರಡನ್ನೂ ಬೇರೆ ಮಾಡುವುದು ಎ ಮೇಲಿನ ಆ ಎರಡು ಚುಕ್ಕೆ ಮಾತ್ರ.

ಮೊದಲು ನಂಬರ್ ಕಲಿತೆ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು 0252 ಒತ್ತಿದರೆ ಚುಕ್ಕೆಯ ಯು, 0228ಕ್ಕೆ ಎ, 0246ಕ್ಕೆ ಒ, 0223ಕ್ಕೆ ಆ ಬಿ ಥರದ್ದು. ಆದರೆ ಬಲಗಡೆಯ ನಂಬರ್ ಪ್ಯಾಡ್ ಬೇಕೇ ಬೇಕು, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲ. ಕೊನೆಗೆ ಕೈಹಿಡಿದದ್ದು ಸೆಟ್ಟಿಂಗ್ಸ್‌ನಲ್ಲಿರುವ ‘ಯುಎಸ್ ಇಂಟರ್‌ನ್ಯಾಷನಲ್’ ಲೇಔಟ್. ಬಲಗಡೆಯ ಆಲ್ಟ್ ಜೊತೆ ಕ್ಯೂ ಒತ್ತಿದರೆ ಚುಕ್ಕೆಯ ಎ, ಪಿ ಒತ್ತಿದರೆ ಒ, ವೈ ಒತ್ತಿದರೆ ಯು, ಎಸ್‌ಗೆ ಡಬಲ್ ಎಸ್. ಒಂದೇ ಕಿರಿಕಿರಿ: ಉದ್ಧರಣ ಚಿಹ್ನೆ ಒತ್ತಿದ ಕೂಡಲೇ ಕಾಣುವುದಿಲ್ಲ, ಮುಂದಿನ ಅಕ್ಷರಕ್ಕೆ ಕಾಯುತ್ತದೆ. ಸ್ಪೇಸ್ ಒತ್ತಿದರೆ ಬರುತ್ತದೆ. ವಾರದಲ್ಲಿ ಬೆರಳಿಗೆ ಅಭ್ಯಾಸವಾಯಿತು.

ಗ್ರೀಕ್ ಬೀಟಾವನ್ನು ಎಲ್ಲಿಂದಲೋ ಕಾಪಿ ಮಾಡಿ ಡಬಲ್ ಎಸ್ ಜಾಗದಲ್ಲಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಕಣ್ಣಿಗೆ ಹೆಚ್ಚುಕಮ್ಮಿ ಒಂದೇ, ಕಂಪ್ಯೂಟರ್‌ಗೆ ಬೇರೆ ಅಕ್ಷರ. ಹುಡುಕಿದಾಗ ಸಿಗುವುದಿಲ್ಲ.

ಬೇರೆ ದಾರಿಯೇ ಇಲ್ಲದಿದ್ದರೆ ಚುಕ್ಕೆಯ ಬದಲು ಪಕ್ಕದಲ್ಲಿ ಇ ಸೇರಿಸುವ ರೂಢಿ ಜರ್ಮನರಲ್ಲೇ ಇದೆ. ಅವರ ಪಾಸ್‌ಪೋರ್ಟ್‌ನ ಕೆಳಗೆ, ಮಷಿನ್ ಓದುವ ಸಾಲುಗಳಲ್ಲೂ ಹಾಗೇ ಬರೆಯುತ್ತಾರೆ. ಆದರೆ ಇ ಕಂಡಲ್ಲೆಲ್ಲ ಅದನ್ನು ಚುಕ್ಕೆಗೆ ಬದಲಾಯಿಸಬೇಡಿ. ಕವಿ ಗಯಟೆಯ ಹೆಸರಿನಲ್ಲಿ ಒ ಪಕ್ಕದ ಇ ಮೂಲದಲ್ಲೇ ಇರುವುದು.

ಈಗ ಹೊಸ ಸಪ್ಲೈಯರ್ ಸೇರಿಸುವ ಮುಂಚೆ ನಾನು ಹೆಸರನ್ನು ಮಾತ್ರ ನಂಬುವುದಿಲ್ಲ. ಇನ್‌ವಾಯ್ಸ್ ಮೇಲಿನ ವ್ಯಾಟ್ ನಂಬರ್ ಹಾಕಿ ಹುಡುಕುತ್ತೇನೆ. ಡಿಇ ಎಂಬ ಎರಡಕ್ಷರ, ಆಮೇಲೆ 9 ಅಂಕೆ. ಅದನ್ನು ಯಾವ ಕೀಬೋರ್ಡ್‌ನಲ್ಲಾದರೂ ಸರಿಯಾಗಿ ಒತ್ತಬಹುದು.