ನಿನೆವೆ ಮ್ಯಾಪಲ್ಲಿ ಬರ್ತದಾ?

2024 ಆಗಸ್ಟ್ 18, ಭಾನುವಾರ

ಆಟಿ ಮುಗಿದರೂ ಮಳೆ ಬಿಟ್ಟಿಲ್ಲ. ಸಂಡೇ ಸ್ಕೂಲಿಗೆ ಇವತ್ತು ಹನ್ನೊಂದೇ ಮಕ್ಕಳು. ಯೋನನ ಪಾಠ. ನಿನೆವೆ ಪಟ್ಟಣಕ್ಕೆ ಹೋಗಿ ಸಾರು ಅಂತ ದೇವರು ಕಳಿಸಿದರೆ ತಪ್ಪಿಸಿಕೊಂಡು ಓಡಿ, ಮೀನಿನ ಹೊಟ್ಟೆ ಸೇರಿದ ಬೈಬಲಿನ ಪ್ರವಾದಿ. ಮೀನಿನ ಹೊಟ್ಟೆಯ ತನಕ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಹಿಂದಿನ ಬೆಂಚಿನವನು ಕೈ ಎತ್ತಿದ. ನೋಹನ ನಾವೆಗೆ ಗೆದ್ದಲು ಹತ್ತಲಿಲ್ವಾ ಅಂತ ಕೇಳಿದ್ದನಲ್ಲ, ಅವನೇ.

"ಟೀಚರ್, ನಿನೆವೆ ಈಗ ಎಲ್ಲುಂಟು? ಮ್ಯಾಪಲ್ಲಿ ಹಾಕಿದ್ರೆ ಬರ್ತದಾ?"

"ಅದೆಲ್ಲ ಯಾವಾಗಲೋ ಹಾಳಾಗಿ ಹೋಯ್ತು, ಈಗ ಏನೂ ಇಲ್ಲ" ಅಂದುಬಿಟ್ಟೆ. ಅವನು "ಹೌದಾ" ಅಂತ ಕೂತ. ನಂಬಿದ "ಹೌದಾ" ಅಲ್ಲ ಅದು.

ಮಧ್ಯಾಹ್ನ ಊಟ ಆದ ಮೇಲೆ ನಾನೇ ಮೊಬೈಲಲ್ಲಿ ಹಾಕಿ ನೋಡಿದೆ. ಬಂತು. ಇರಾಕಿನ ಮೋಸುಲ್ ನಗರದ ಒಳಗೇ ಉಂಟು. ಟೈಗ್ರಿಸ್ ಹೊಳೆಯ ಪಶ್ಚಿಮಕ್ಕೆ ಹಳೇ ಮೋಸುಲ್, ಪೂರ್ವಕ್ಕೆ ನಿನೆವೆ. ಕೋಟೆ ಗೋಡೆಯ ಗುರುತು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಅದರ ಸುತ್ತ ಪೇಟೆ, ಗೋಡೆಯ ಒಳಗೂ ರಸ್ತೆ, ತಾರಸಿ ಮನೆ. ನಡುವೆ ಎರಡು ದಿಬ್ಬ. ಒಂದರ ಹೆಸರು ಕುಯುಂಜಿಕ್. ಇನ್ನೊಂದು ನೆಬಿ ಯೂನುಸ್. ಅಂದರೆ ಪ್ರವಾದಿ ಯೋನ. ವರ್ಷ ವರ್ಷ ಈ ಪಾಠ ಮಾಡುವವಳು ನಾನು!

ಪಪ್ಪನಿಗೆ ತೋರಿಸಿದೆ. ಸರ್ವೆ ಇಲಾಖೆ ಬಿಟ್ಟು ಎಷ್ಟು ಕಾಲವಾದರೂ ನಕ್ಷೆ ಅಂದರೆ ಸಾಕು, ಕನ್ನಡಕ ಹುಡುಕಲು ಶುರು.

"ಗೋಡೆ ಎಷ್ಟು ಉದ್ದ?"

"ಸುತ್ತಳತೆ ಸುಮಾರು 12 ಕಿಲೋಮೀಟರ್. ಒಳಗೆ 750 ಹೆಕ್ಟೇರ್."

"ಸಾವಿರದ ಎಂಟುನೂರು ಎಕರೆ ದಾಟಿತು." ಬಾಯಲ್ಲೇ ಲೆಕ್ಕ. "ಆದ್ರೆ ಬೈಬಲಲ್ಲಿ ಮೂರು ದಿನದ ದಾರಿ ಅಂತ ಉಂಟಲ್ಲ? ಇದನ್ನು ಮೂರು ಗಂಟೆಯಲ್ಲಿ ಸುತ್ತು ಹಾಕಬಹುದು." ಸ್ವಲ್ಪ ಹೊತ್ತು ಬಿಟ್ಟು ಅವರೇ, "ಓಣಿ ಓಣಿಯಲ್ಲಿ ನಿಂತು ಸಾರಿಕೊಂಡು ಹೋದ್ರೆ ಮೂರು ದಿನ ಬೇಕು ಬಿಡು" ಅಂದರು.

ಹುಡುಗ ಕೇಳಿದರೆ ಇದನ್ನೇ ಹೇಳುತ್ತೇನೆ.

ಹಳೇ ಊರುಗಳನ್ನು ಹೇಗೆ ಪತ್ತೆ ಮಾಡಿದರು ಅಂತ ಚಾ ಕುಡಿಯುತ್ತಾ ಮಾತು ಬಂತು. 1838ರಲ್ಲಿ ಎಡ್ವರ್ಡ್ ರಾಬಿನ್ಸನ್ ಎಂಬ ಅಮೆರಿಕದವರು ಬೈಬಲಿನ ಊರುಗಳನ್ನು ಹುಡುಕುತ್ತಾ ಪ್ಯಾಲೆಸ್ತೀನಿನಲ್ಲಿ ತಿರುಗಿದರು. ಜೊತೆಗೆ ಅರಬ್ಬಿ ಚೆನ್ನಾಗಿ ಬರುವ ಎಲೈ ಸ್ಮಿತ್. ಅವರು ಅಗೆಯಲಿಲ್ಲ. ಹಳ್ಳಿಯವರ ಬಾಯಲ್ಲಿರುವ ಹೆಸರು ಕೇಳುತ್ತಾ ಹೋದರು. ಅನಾತಾ ಅಂದರೆ ಪ್ರವಾದಿ ಯೆರೆಮೀಯನ ಊರು ಅನಾತೋತ್. ಬೇಟೀನ್ ಅಂದರೆ ಬೇತೇಲ್. ಎಲ್-ಜೀಬ್ ಅಂದರೆ ಗಿಬ್ಯೋನ್. ನಮ್ಮಲ್ಲಿ ಪಳ್ಳಿ ಹೋಗಿ ಹಳ್ಳಿ ಆಗಲಿಲ್ವಾ, ಹಾಗೆ. 1956ರಿಂದ ಜೇಮ್ಸ್ ಪ್ರಿಚರ್ಡ್ ಎಲ್-ಜೀಬಿನಲ್ಲಿ ಅಗೆದಾಗ ಹೂಜಿಯ ಹಿಡಿಕೆಗಳು ಸಿಕ್ಕಿದವು. ಮೇಲೆ ಹಳೇ ಹೀಬ್ರೂ ಅಕ್ಷರದಲ್ಲಿ ಗೀಚಿದ್ದರು: ಗಿಬ್ಯೋನ್. ಒಡೆದ ಮಡಕೆಯ ಕಿವಿಯ ಮೇಲೆ ಊರಿನ ವಿಳಾಸ!

ಪಪ್ಪನಿಗೆ ಹೂಜಿ ಬೇಡ, ರಾಬಿನ್ಸನ್ ಬೇಕು. ಅವರದ್ದೊಂದು ನಿಯಮವಿತ್ತು: ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಬಾರದು. ನಾನು ಓದಿ ಮುಗಿಸುವ ಮೊದಲೇ ಪಪ್ಪ ಕೈ ಅಲ್ಲಾಡಿಸಿದರು.

"ಅದೇ ಮಾರಾಯ್ತಿ! 'ಇದು ಇಂಥ ಊರಾ' ಅಂತ ಕೇಳಿದ್ರೆ ಸಾಹೇಬರು ಕೇಳ್ತಾರಲ್ಲ ಅಂತ ಹೌದು ಅಂತಾರೆ. 'ಇದಕ್ಕೆ ಎಂತ ಹೇಳ್ತೀರಿ' ಅಂತ ಕೇಳಬೇಕು. ಅದೂ ಪಟೇಲರನ್ನಲ್ಲ, ದನ ಮೇಯಿಸುವವನನ್ನು."

ನಿನೆವೆಯಲ್ಲಿ ಹೆಸರಿನ ತಾಪತ್ರಯ ಇರಲಿಲ್ಲ. ಮೇಲೆ ಜನ ಇದ್ದರು, ಅದೇ ತೊಂದರೆ. ನೆಬಿ ಯೂನುಸ್ ದಿಬ್ಬದಲ್ಲಿ ಮಸೀದಿ, ಯೋನನದೆಂದು ನಂಬಿದ ಗೋರಿ, ಸುತ್ತ ಮನೆಗಳು. 1842ರಲ್ಲಿ ಫ್ರೆಂಚ್ ಕಾನ್ಸಲ್ ಬೊತಾ ಅಗೆಯಲು ನೋಡಿದರು, ಊರಿನವರು ಬಿಡಲಿಲ್ಲ. ಆಮೇಲೆ ಬಂದ ಇಂಗ್ಲಿಷಿನವರು ಲೇಯರ್ಡ್ ಜಾಣರು. ದಿಬ್ಬದ ಮೇಲೆ ಒಬ್ಬನಿಗೆ ಬೇಸಿಗೆಗೆ ತಂಪಾಗಿರಲಿ ಅಂತ ಮನೆಯಡಿ ನೆಲಮಾಳಿಗೆ ಬೇಕಿತ್ತಂತೆ. ನಮ್ಮ ಆಳುಗಳೇ ಪುಕ್ಕಟೆ ತೋಡಿಕೊಡುತ್ತಾರೆ, ಸಿಕ್ಕಿದ ಹಳೇ ಕಲ್ಲು ಮಾತ್ರ ನಮಗೆ ಅಂತ ಒಪ್ಪಂದ ಆಯಿತು. ಕೆಲವೇ ದಿನದಲ್ಲಿ ಗೋಡೆ ಬಂತು, ಬರಹ ಇರುವ ಚಪ್ಪಡಿ ಬಂತು. ಅಶ್ಶೂರದ ರಾಜ ಸನ್ಹೇರೀಬನ ಮಗ ಏಸರ್‌ಹದ್ದೋನನ ಹೆಸರು!

ಪಪ್ಪ ನಕ್ಕು ನಕ್ಕು ಕೆಮ್ಮಿದರು. "ಪುಕ್ಕಟೆ ಬಾವಿ ತೋಡಿ ಕೊಡುವವರನ್ನು ನಂಬಬಾರದು!"

ನಾನೂ ನಕ್ಕೆ. ಆಮೇಲೆ ಮುಂದಿನ ಸಾಲು ಓದಿದೆ. 2014 ಜುಲೈ 24. ಐಸಿಸ್‌ನವರು ಆ ಮಸೀದಿಯನ್ನು ಸ್ಫೋಟಿಸಿದ ದಿನ.

ಆ ಜುಲೈ ನನಗೆ ನೆನಪಿದೆ. ತಿಕ್ರಿತ್‌ನ ಆಸ್ಪತ್ರೆಯಲ್ಲಿದ್ದ 46 ನರ್ಸ್‌ಗಳನ್ನು ಮೋಸುಲ್‌ಗೆ ಕರೆದುಕೊಂಡು ಹೋಗಿದ್ದರು, ಹೆಚ್ಚಿನವರು ಕೇರಳದವರು. ನಮ್ಮ ಲ್ಯಾಬಿನ ಎದುರಿನ ವಾರ್ಡಲ್ಲಿ ಮಲಯಾಳಿ ಹುಡುಗಿಯರು ಟಿವಿ ಕೆಳಗೆ ನಿಂತೇ ಊಟ ಮಾಡಿದ್ದರು. 5ನೇ ತಾರೀಕು ಆ ನರ್ಸ್‌ಗಳು ಕೊಚ್ಚಿಯಲ್ಲಿ ಇಳಿದಾಗ ವಾರ್ಡಿನ ಒಬ್ಬಳು ನನ್ನ ಕೈ ಹಿಡಿದು ಅತ್ತಿದ್ದಳು. ಅದೇ ಮೋಸುಲ್‌ನಲ್ಲಿ ಸಿಕ್ಕಿಬಿದ್ದ 39 ಜನ ಭಾರತದ ಕೆಲಸಗಾರರು ಬರಲೇ ಇಲ್ಲ. ಎಷ್ಟು ಸಲ ಮೋಸುಲ್, ಮೋಸುಲ್ ಅಂದಿದ್ದೇವೆ. ನಿನೆವೆ ಅಂತ ಒಮ್ಮೆಯೂ ಹೊಳೆಯಲಿಲ್ಲ ನನಗೆ.

ಮಸೀದಿ ಬಿದ್ದ ಮೇಲೆ ಮಾರಾಟಕ್ಕೆ ಹಳೇ ಸಾಮಾನು ಹುಡುಕುವವರು ಅಡಿಯಲ್ಲಿ ಸುರಂಗ ಕೊರೆದರು. 2017ರ ಜನವರಿಯಲ್ಲಿ ಸೈನ್ಯ ಆ ಭಾಗವನ್ನು ವಾಪಸ್ ಹಿಡಿಯಿತು. ಪುರಾತತ್ವದವರು ಸುರಂಗಕ್ಕೆ ಇಳಿದರೆ ಏಸರ್‌ಹದ್ದೋನನ ಅರಮನೆ. ಬೊತಾ ಅವರಿಗೆ ಸಿಗದ್ದು, ಲೇಯರ್ಡ್ ನೆಲಮಾಳಿಗೆಯ ಕಿಂಡಿಯಲ್ಲಿ ಕಂಡದ್ದು. ದೊಡ್ಡ ಸುದ್ದಿ ಆಯಿತಂತೆ. ನನಗೆ ಯಾಕೋ ಖುಷಿ ಆಗಲಿಲ್ಲ. ಮೇಲಿನದ್ದು ಹೋದದ್ದಕ್ಕೇ ಅಲ್ವಾ ಕೆಳಗಿನದ್ದು ಸಿಕ್ಕಿದ್ದು.

ಪಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಕಪ್ಪು ಒಳಗೆ ಇಟ್ಟು ಬಂದು ಕೇಳಿದರು, "ಆ ನೆಲಮಾಳಿಗೆಯವನ ಮನೆ ಯಾವುದು ಅಂತ ಗೊತ್ತುಂಟಾ?"

ಎಲ್ಲಿಂದ ಗೊತ್ತಾಗಬೇಕು. ಆದರೂ ಇಬ್ಬರೂ ಮೊಬೈಲ್ ದೊಡ್ಡದು ಮಾಡಿಕೊಂಡು ಕೂತೆವು. ದಿಬ್ಬದ ಅಂಚಿನಲ್ಲಿ ಸಾಲಾಗಿ ತಾರಸಿಗಳು. ಒಂದರ ಮೇಲೆ ಏನೋ ಬೆಳ್ಳಗೆ ಕಾಣುತ್ತಿತ್ತು. ನೀರಿನ ಟ್ಯಾಂಕಿಯೋ, ಒಣಗಲು ಹಾಕಿದ ಬಟ್ಟೆಯೋ. ಪಪ್ಪ ಬಟ್ಟೆ ಅಂದರು, ನಾನು ಟ್ಯಾಂಕಿ ಅಂದೆ, ಅಷ್ಟರಲ್ಲಿ ಕರೆಂಟು ಹೋಯಿತು, ನೆಟ್ಟೂ ಹೋಯಿತು.