ಗೆರೆ ಮುಚ್ಚೋ ಮರ

ಇವತ್ತು ‘ಹೌ ದಿ ವೆಸ್ಟ್ ವಾಸ್ ವನ್’ ಮತ್ತೆ ನೋಡ್ತಿದ್ದೆ. 1962ರ ಚಿತ್ರ. ಕಣ್ಣು ಹೋಗಿ ನಿಂತಿದ್ದು ಒಂದು ಮರದ ಕಾಂಡದ ಮೇಲೆ.

ಆ ಮರ ಅಲ್ಲಿ ಸುಮ್ಮನೆ ನಿಂತಿಲ್ಲ.

ಈ ಚಿತ್ರ ತೆಗೆದಿದ್ದು ಸಿನೆರಾಮಾದಲ್ಲಿ, ಅಂದ್ರೆ ಮೂರು ಚಿತ್ರ ಪಕ್ಕಪಕ್ಕ ಕೂಡಿಸಿ ಒಂದೇ ಅಗಲ ಚಿತ್ರವಾಗಿ ತೋರಿಸೋ ವಿಧಾನದಲ್ಲಿ. ಅದರ ಕ್ಯಾಮೆರಾದಲ್ಲಿ ಮೂರು ಲೆನ್ಸು, ಮೂರು 35 ಎಂಎಂ ಫಿಲ್ಮು. ಮಾಮೂಲಿ ಫ್ರೇಮಿನ ಎತ್ತರ ಫಿಲ್ಮಿನ ಅಂಚಿನ 4 ತೂತಿನಷ್ಟು, ಇದರದ್ದು 6. ಮೂರೂ ಸೇರಿದರೆ 146 ಡಿಗ್ರಿ ನೋಟ. ಥಿಯೇಟರಿನಲ್ಲೂ ಮೂರು ಪ್ರೊಜೆಕ್ಟರು, ಬಾಗಿದ ಪರದೆ.

ತೊಂದರೆ ಇರೋದು ಚಿತ್ರಗಳು ಕೂಡೋ ಆ ಎರಡು ಜಾಗದಲ್ಲಿ. ಅಂಚಿನಲ್ಲಿ ಬೆಳಕು ಒಂದರ ಮೇಲೊಂದು ಬಿದ್ದು ಗೆರೆ ಎದ್ದು ಕಾಣುತ್ತೆ. ಅದನ್ನ ಮಸುಕು ಮಾಡೋಕೆ ಪ್ರೊಜೆಕ್ಟರಿನ ಒಳಗೆ ಬಾಚಣಿಗೆ ಹಲ್ಲಿನಂಥ ಪುಟ್ಟ ಪಟ್ಟಿ, ಫ್ರೇಮಿನ ಅಂಚಲ್ಲಿ ಸರಸರ ಮೇಲೆ ಕೆಳಗೆ ಆಡ್ತಾ ಇರುತ್ತೆ. ಎಂಥಾ ತಲೆ!

ಆದರೂ ಬಯಲು ಆಕಾಶದಲ್ಲಿ ಗೆರೆ ಅಡಗಲ್ಲ. ಅದಕ್ಕೇ ಗೆರೆ ಬೀಳೋ ಕಡೆ ಮರ, ಕಂಬ, ಗೋಡೆ ಮೂಲೆ ಬರೋ ಹಾಗೆ ಶಾಟ್ ಇಡ್ತಿದ್ರು.

ನಟರ ಪಾಡು ಇನ್ನೂ ಕಷ್ಟ. ಬೇರೆ ಬೇರೆ ಭಾಗದಲ್ಲಿ ನಿಂತ ಇಬ್ಬರು ನಿಜವಾಗಿ ಮುಖ ನೋಡಿಕೊಂಡರೆ ಪರದೆಯಲ್ಲಿ ದೃಷ್ಟಿ ತಪ್ಪುತ್ತೆ. ಎದುರಿನವರನ್ನ ಬಿಟ್ಟು ಸ್ವಲ್ಪ ಪಕ್ಕಕ್ಕೆ, ಖಾಲಿ ಜಾಗಕ್ಕೆ ನೋಡ್ತಾ ಪ್ರೀತಿ ಮಾತು ಆಡಬೇಕು.

ಇನ್ನು ಪ್ರದರ್ಶನದ ವೇಳೆ ಒಂದು ಫಿಲ್ಮು ಹರಿದರೆ ಕತ್ತರಿಸಿ ಅಂಟಿಸಿದರೆ ಸಾಲದು. ಎಷ್ಟು ಫ್ರೇಮ್ ಹೋಯ್ತೋ ಅಷ್ಟೇ ಕಪ್ಪು ಫ್ರೇಮ್ ಎಣಿಸಿ ಸೇರಿಸಬೇಕು. ಒಂದು ಕಮ್ಮಿ ಆದರೂ ಆ ಭಾಗ ಮುಂದೆ ಓಡುತ್ತೆ, ಗೆರೆ ದಾಟೋ ಕುದುರೆಯ ತಲೆ ಒಂದು ಕಡೆ, ಮೈ ಒಂದು ಕಡೆ.