ಮಡಿಕೇರಿಯ ಕೋತಿ, ಇರ್ಪುವಿನ ಕರಿ ಮಂಗ

ಶನಿವಾರ ಮಾತ್ರ ಮಡಿಕೇರಿಗೆ ಹೋಗಬೇಡಿ ಅಂತ ಹೋಗಿಬಂದವರೆಲ್ಲ ಹೇಳುತ್ತಾರೆ. ಆದರೆ ನಮ್ಮ ಭಾವನಿಗೆ ಬಿಡುವಾಗುವುದೇ ಶನಿವಾರ. ಹಾಗಾಗಿ ಅಕ್ಕ, ಭಾವ, ಅವರ ಮಗ ಮತ್ತು ನಾನು ನವೆಂಬರಿನ ಒಂದು ಶನಿವಾರ ಹಾಸನದಿಂದ ಶನಿವಾರಸಂತೆ, ಸೋಮವಾರಪೇಟೆ ಮೇಲೆ ಹೊರಟೆವು. ಮಳೆ ನಿಂತಿತ್ತು. ಗದ್ದೆಗಳಲ್ಲಿ ತೆನೆ ಬಾಗಿತ್ತು. ತೋಟಗಳಲ್ಲಿ ಅರೇಬಿಕಾ ಹಣ್ಣು ಕೆಂಪಾಗತೊಡಗಿತ್ತು. ಮಡಿಕೇರಿ ಹತ್ತಿರ ಬಂದಂತೆ ಕಾರುಗಳ ಸಾಲು ಶುರುವಾಯಿತು, ಎಲ್ಲರಿಗೂ ಶನಿವಾರವೇ ರಜೆ ನೋಡಿ.

1681ರಲ್ಲಿ ಮುದ್ದುರಾಜ ಕಟ್ಟಿಸಿದ ಊರು ಇದು. ಗುಡ್ಡದ ಮೇಲೆ ಏರಿ ಇಳಿದು ಕೂತಿದೆ. ಒಂದು ಬಸ್ಸು ತಿರುವಿನಲ್ಲಿ ಸಿಕ್ಕಿಕೊಂಡರೆ ಅರ್ಧ ಪೇಟೆಯೇ ನಿಲ್ಲುತ್ತದೆ. ಎರಡಂಗಡಿಗೊಂದು ಹೋಮ್‌ಮೇಡ್ ಚಾಕೊಲೇಟ್, ಹೋಮ್‌ಮೇಡ್ ವೈನ್, ಜೇನು, ಏಲಕ್ಕಿ. ಗಾಜಿನ ಸೇತುವೆಗೆ ಬನ್ನಿ, ಜಿಪ್‌ಲೈನಿಗೆ ಬನ್ನಿ ಅನ್ನುವ ಬೋರ್ಡುಗಳು. ಇಂಥವು ಈಗ ಯಾವ ಬೆಟ್ಟದೂರಿಗೆ ಹೋದರೂ ಇವೆ. ಮಡಿಕೇರಿಯದ್ದೇ ಆದ ಒಂದನ್ನು ನೋಡಬೇಕಾದರೆ ಓಂಕಾರೇಶ್ವರ ದೇವಸ್ಥಾನಕ್ಕೆ ಇಳಿಯಬೇಕು.

ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ದೂರದಿಂದ ನೋಡಿದವರು ದರ್ಗಾ ಅಂದುಕೊಂಡರೆ ತಪ್ಪೇನಿಲ್ಲ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ಹತ್ತಿರ ಹೋದರೆ ಸುತ್ತ ಬಸವಣ್ಣಗಳು ಕಾಣುತ್ತವೆ. ಎದುರಿಗೆ ದೊಡ್ಡ ಕೊಳ, ಅದರ ನಡುವೆ ಮಂಟಪ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದನಂತೆ, ಆತ ಬ್ರಹ್ಮರಾಕ್ಷಸನಾಗಿ ಕಾಡಿದನಂತೆ, ಕಾಶಿಯಿಂದ ಲಿಂಗ ತಂದು ಇಟ್ಟಮೇಲೆ ಕಾಟ ನಿಂತಿತಂತೆ. ಅರಸನ ಪಾಪವನ್ನು ಮುಚ್ಚಿಡದೆ ದೇವಸ್ಥಾನದ ಕಥೆಯಲ್ಲೇ ಉಳಿಸಿಕೊಂಡಿರುವುದು ನನಗಂತೂ ಹಿಡಿಸಿತು. ಕೊಳದ ಮೀನು ನೋಡುತ್ತಾ ಕೂತ ಅಕ್ಕನ ಮಗನನ್ನು ಎಬ್ಬಿಸಲು ಸಾಕುಸಾಕಾಯಿತು.

ಕೋಟೆಯನ್ನು ಬೇಗ ಮುಗಿಸಿದೆವು. ಮೊದಲು ಮಣ್ಣಿನ ಕೋಟೆ, ಆಮೇಲೆ ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಅಂಗಳದಲ್ಲಿ ನಿಜವಾದ ಗಾತ್ರದ ಎರಡು ಆನೆಗಳ ಪ್ರತಿಮೆ ಇವೆ, ಫೋಟೋಗೆ ಅವೇ ಸಾಕು. ಸಂಜೆ ರಾಜಾಸೀಟು. ಕೊಡಗಿನ ಅರಸರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ. ಈಗ ಟಿಕೆಟ್ ತಗೊಂಡು, ಎತ್ತಿ ಹಿಡಿದ ಫೋನುಗಳ ಸಂದಿಯಲ್ಲಿ ನೋಡಬೇಕು.

ಕೋತಿಗಳ ಭೇಟಿ ಆಗಿದ್ದು ಅದರ ಹೊರಗೆ, ಕಾರು ನಿಲ್ಲಿಸಿದಲ್ಲಿ. ಭಾವನ ಕೈಯಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಇತ್ತು. ಒಂದು ಹೆಣ್ಣು ಕೋತಿ, ಹೊಟ್ಟೆಗೆ ಮರಿ ಕಚ್ಚಿಕೊಂಡಿದ್ದು, ಗೋಡೆಯ ಮೇಲಿಂದ ಇಳಿದು ಬಂತು. ಹೆದರಿಸಲೂ ಇಲ್ಲ, ಕಿರುಚಲೂ ಇಲ್ಲ. ಕೈ ಚಾಚಿ ಪೊಟ್ಟಣ ತಗೊಂಡು ಹೋಯಿತು, ಅಷ್ಟೆ. ಗೋಡೆ ಹತ್ತಿ ಕೂತು ಪೊಟ್ಟಣದ ಮೂಲೆಯನ್ನು ಹಲ್ಲಿನಲ್ಲಿ ಹರಿಯಿತು. ಭಾವ ಅದೇ ಪೊಟ್ಟಣದ ಜೊತೆ ಕಾರಿನಲ್ಲಿ ಅಷ್ಟೊತ್ತು ಗುದ್ದಾಡಿದ್ದರು! ಆಮೇಲೆ ತಿನ್ನಲೇ ಇಲ್ಲ ಅದು, ತುಂಬಿಕೊಂಡಿತು. ಒಂದು ಕೆನ್ನೆ ಉಬ್ಬಿತು, ಇನ್ನೊಂದು ಉಬ್ಬಿತು. ದೊಡ್ಡ ಗಂಡೊಂದು ಬರುವುದು ಕಂಡದ್ದೇ ಖಾಲಿ ಪೊಟ್ಟಣ ಬಿಸಾಕಿ ಮರ ಹತ್ತಿತು. ಅಲ್ಲಿ ಕೂತು ಕೆನ್ನೆಯನ್ನು ಕೈಯಿಂದ ಒತ್ತಿ ಒತ್ತಿ ಒಂದೊಂದೇ ಚಿಪ್ಸ್ ಬಾಯಿಗೆ ತಂದುಕೊಂಡು ಅಗಿಯಿತು. ನೆತ್ತಿಯಲ್ಲಿ ಬೈತಲೆ ತೆಗೆದಂಥ ಕೂದಲು, ಉದ್ದ ಬಾಲ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ, ನಮಗೆಲ್ಲ ದಿನಾ ಕಾಣುವ ಕೋತಿ ಇದು.

ರಾತ್ರಿ ಉಳಿದದ್ದು ಊರಾಚೆ ಒಂದು ತೋಟದ ಮನೆಯಲ್ಲಿ. ಕಡಂಬುಟ್ಟು ಅಂದರೆ ಅಕ್ಕಿ ಕಡುಬು, ಜೊತೆಗೆ ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು. ಕಾಚಂಪುಳಿಯ ಹುಳಿ ನಾಲಿಗೆಯ ಮೇಲೆ ಹಾಗೇ ನಿಂತಿತ್ತು. ಅಕ್ಕನಿಗೆ ನೂಪುಟ್ಟು ಅನ್ನುವ ಅಕ್ಕಿ ಶಾವಿಗೆ, ತರಕಾರಿ ಸಾರು. ಊಟ ಬಡಿಸುತ್ತಾ ಆ ಮನೆಯ ಆಂಟಿ ಭಾವನ ಚಿಪ್ಸಿನ ಕಥೆ ಕೇಳಿ ನಕ್ಕರು. ಆಮೇಲೆ ಅವರ ಕಥೆ ಶುರುವಾಯಿತು.

"ನಿಮ್ಮದು ಒಂದು ಪೊಟ್ಟಣ ಹೋಯ್ತು. ನಮ್ಮದು ನೋಡಿ, ಕಿತ್ತಳೆ ಇಲ್ಲ, ಬಾಳೆ ಇಲ್ಲ, ಸೀಬೆ ಇಲ್ಲ. ಈಗ ಕಾಫಿ ಹಣ್ಣಾಗ್ತಾ ಉಂಟಲ್ಲ, ಚೆನ್ನಾಗಿ ಹಣ್ಣಾದದ್ದನ್ನೇ ಆರಿಸ್ತವೆ. ಸಿಪ್ಪೆ ಚೀಪಿ ಬೀಜ ಉಗೀತವೆ. ಪಟಾಕಿ ಹೊಡೆದರೆ ಎರಡು ದಿನ ಹೆದರ್ತವೆ, ಮೂರನೇ ದಿನಕ್ಕೆ ವಾಪಸ್."

ಬೇರೆ ಊರಲ್ಲಿ ಹಿಡಿದ ಮಂಗಗಳನ್ನು ರಾತ್ರಿ ಗಾಡಿಯಲ್ಲಿ ತಂದು ಇಲ್ಲಿ ಬಿಟ್ಟುಹೋಗುತ್ತಾರೆ ಅನ್ನುವುದು ಅವರ ಇನ್ನೊಂದು ದೂರು. ಮಲೆನಾಡಿನ ಯಾವ ತೋಟದವರನ್ನು ಕೇಳಿದರೂ ಈ ಮಾತು ಬಂದೇ ಬರುತ್ತದೆ. "ಕಾಡಿನ ಮಂಗ ನೋಡ್ಬೇಕಾದ್ರೆ ಇರ್ಪು ಕಡೆ ಹೋಗಿ. ಅಲ್ಲಿ ಕರಿ ಮಂಗ ಉಂಟು. ಅದು ನಿಮ್ಮನ್ನು ಕ್ಯಾರೇ ಅನ್ನಲ್ಲ," ಅಂದರು. ಬೆಳಿಗ್ಗೆ ಬೆಲ್ಲದ ಕಾಫಿ ಕುಡಿದು ಆ ಕಡೆಗೇ ಹೊರಟೆವು.

ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ. ದಕ್ಷಿಣಕ್ಕೆ ಇಳಿದಂತೆ ಅರೇಬಿಕಾ ಹೋಗಿ ರೊಬಸ್ಟಾ ಬಂತು, ಅದರ ಕಾಯಿ ಇನ್ನೂ ಹಸಿರು. ಗದ್ದೆ ಅಗಲವಾಯಿತು, ಅದರ ಹಿಂದೆ ಬ್ರಹ್ಮಗಿರಿ ಎದ್ದು ನಿಂತಿತು. ಬೆಟ್ಟದ ಆಚೆ ವಯನಾಡು. ಈಚೆ ಬುಡದಲ್ಲಿ ಇರ್ಪುವಿನ ರಾಮೇಶ್ವರ ದೇವಸ್ಥಾನ. ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಬಾಯಾರಿತಂತೆ, ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ಅದೇ ಲಕ್ಷ್ಮಣತೀರ್ಥ, ಮುಂದೆ ಕಾವೇರಿ ಸೇರುವ ಹೊಳೆ. ರಾಮಾಯಣದ ಜಾಗ ಅಂದಮೇಲೆ ಮಂಗ ಇರದೆ ಇರುತ್ತವಾ ಅಂತ ಅಕ್ಕ.

ದೇವಸ್ಥಾನ ದಾಟಿದರೆ ಅರಣ್ಯ ಇಲಾಖೆಯ ಟಿಕೆಟ್. ಅಲ್ಲಿಂದ ಮುಂದೆ ಬ್ರಹ್ಮಗಿರಿ ವನ್ಯಧಾಮ, 1974ರಲ್ಲಿ ಆದದ್ದು. ಮೆಟ್ಟಿಲು, ಸಣ್ಣ ಸೇತುವೆ, ಪಕ್ಕದಲ್ಲೇ ಹೊಳೆ. ಮಳೆಗಾಲದಲ್ಲಿ ಬಂದರೆ ಇಂಬಳ ಕಾಲು ಬಿಡುವುದಿಲ್ಲ. ಜಲಪಾತ ಚೆನ್ನಾಗಿದೆ, ತುಂತುರು ಮುಖಕ್ಕೆ ಹೊಡೆಯುತ್ತದೆ, ಮಕ್ಕಳು ಕಿರುಚುತ್ತವೆ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ.

ಕರಿ ಮಂಗ ಕಂಡದ್ದು ವಾಪಸ್ ಇಳಿಯುವಾಗ. ಮೊದಲು ಎಲೆ ಬಿತ್ತು, ಒಂದಾದ ಮೇಲೊಂದು. ತಲೆ ಎತ್ತಿದರೆ ಮರದ ತುದಿಯಲ್ಲಿ ಕಪ್ಪಗೆ ಏನೋ ಕೂತಿತ್ತು. ಅಲ್ಲಿದ್ದ ವಾಚರ್ "ಬೆರಳು ತೋರಿಸ್ಬೇಡಿ ಸಾರ್, ಸುಮ್ನೆ ನಿಲ್ಲಿ" ಅಂದರು. ನಿಂತೆವು. ಮೈಯೆಲ್ಲ ಕಡುಕಪ್ಪು, ಮಿಂಚುವ ಕೂದಲು. ತಲೆ ಮತ್ತು ಕುತ್ತಿಗೆ ಮಾತ್ರ ಕಂದು, ಮುಖದ ಸುತ್ತ ಗಡ್ಡದಂತೆ ಕೂದಲು. ಬಾಲ ಹಗ್ಗದ ಹಾಗೆ ನೇರ ಕೆಳಗೆ ಇಳಿಬಿದ್ದಿತ್ತು. ಕೊಂಬೆ ಎಳೆದುಕೊಂಡು ಚಿಗುರು ಕೀಳುತ್ತಿತ್ತು, ತೊಟ್ಟಿನ ಕಡೆ ಕಚ್ಚಿ ಉಳಿದದ್ದನ್ನು ಬಿಡುತ್ತಿತ್ತು. ನಮ್ಮ ತಲೆ ಮೇಲೆ ಬೀಳುತ್ತಿದ್ದದ್ದು ಅದೇ ಎಂಜಲು. ಒಂದೇ ಅಂದುಕೊಂಡೆವು. ಕಣ್ಣು ಹೊಂದಿಕೊಂಡಮೇಲೆ ನೋಡಿದರೆ ಆ ಮರದಲ್ಲೇ ಇನ್ನೂ ನಾಲ್ಕಾರು ಇದ್ದವು. ಒಂದೂ ಕೆಳಗೆ ನೋಡಲಿಲ್ಲ.

ನೀಲಗಿರಿ ಲಂಗೂರ್ ಅಂತ ಕರೆಯುವ ಪ್ರಾಣಿ ಇದೇ. ಪಶ್ಚಿಮ ಘಟ್ಟ ಬಿಟ್ಟರೆ ಇನ್ನೆಲ್ಲೂ ಇಲ್ಲ. ಅದರಲ್ಲೂ ಕೊಡಗಿನಿಂದ ಕೆಳಕ್ಕೆ, ಕನ್ಯಾಕುಮಾರಿ ಕಡೆಯ ಬೆಟ್ಟಗಳವರೆಗೆ ಮಾತ್ರ. ಲೇಹ್ಯಕ್ಕೆ, ಔಷಧಕ್ಕೆ ಅಂತ ಹಿಂದೆ ಇದನ್ನು ಬೇಟೆಯಾಡುತ್ತಿದ್ದರು. ಮನುಷ್ಯನನ್ನು ಕಂಡರೆ ದೂರ ಇರಲು ಅದಕ್ಕೆ ಕಾರಣ ಬೇಕಾದಷ್ಟಿದೆ.

"ಇದು ಒಳ್ಳೆ ಮಂಗ, ಅದು ಕಳ್ಳ ಕೋತಿ" ಅಂತ ಭಾವ ತೀರ್ಪು ಕೊಟ್ಟರು. ನನಗೆ ಹಾಗನ್ನಿಸಲಿಲ್ಲ. ಇದು ಮುಖ್ಯವಾಗಿ ಎಲೆ ತಿಂದು ಬದುಕುವ ಪ್ರಾಣಿ. ಎಲೆ ಅರಗಿಸಲೆಂದೇ ಹೊಟ್ಟೆಯಲ್ಲಿ ಬೇರೆ ಬೇರೆ ಕೋಣೆಗಳಿವೆ. ತಿಂದಮೇಲೆ ಗಂಟೆಗಟ್ಟಲೆ ಸುಮ್ನೆ ಕೂರಬೇಕು. ಕೆನ್ನೆಯಲ್ಲಿ ಚೀಲ ಇಲ್ಲ, ಕಿತ್ತುಕೊಂಡು ಓಡುವ ಸಂಸಾರವೇ ಅದರದ್ದಲ್ಲ. ರಾಜಾಸೀಟಿನ ಕೋತಿ ಹಣ್ಣು, ಹುಳು, ಬೀಜ, ಸಿಕ್ಕಿದ್ದೆಲ್ಲ ತಿನ್ನುತ್ತದೆ, ಸಿಕ್ಕಾಗ ಕೆನ್ನೆಗೆ ತುಂಬಿಕೊಳ್ಳುತ್ತದೆ. ಅಂಥದ್ದರ ಮುಂದೆ ನಾವೇ ಹೋಗಿ ಬನ್ನು, ಬಿಸ್ಕತ್ತು, ಕಡಲೆಕಾಯಿ ಇಟ್ಟೆವು. ನಾವು ಕಲಿಸಿದ್ದನ್ನು ಅದು ತೋಟದವರ ಮೇಲೆ ಪ್ರಯೋಗ ಮಾಡುತ್ತಿದೆ. ತಿನ್ನಿಸಬೇಡಿ ಅನ್ನುವ ಬೋರ್ಡಿನ ಕೆಳಗೇ ನಿಂತು ಬಾಳೆಹಣ್ಣು ಎಸೆಯುವವರನ್ನು ನಾವು ಈ ದಾರಿಯಲ್ಲೂ ನೋಡಿದೆವು. ಭಾವ ಏನೂ ಹೇಳಲಿಲ್ಲ, ಚಿಪ್ಸಿನ ಗಾಯ ಇನ್ನೂ ಹಸಿ.

ಹೋಗುವವರು ಮಡಿಕೇರಿಯಲ್ಲಿ ಉಳಿದು ಇರ್ಪುವಿಗೆ ಬರುವ ಬದಲು ಶ್ರೀಮಂಗಲ ಅಥವಾ ಕುಟ್ಟದ ಕಡೆಯೇ ಉಳಿಯುವುದು ವಾಸಿ. ಕರಿ ಮಂಗ ಬೆಳಿಗ್ಗೆ ಬೇಗ ಕೂಗುತ್ತದೆ, ಕಾಡಿನ ತುಂಬ ಕೇಳುವ ದಪ್ಪ ಹೂಂಕಾರ. ಜನ ಜಾಸ್ತಿಯಾಗುವ ಮೊದಲೇ ಟಿಕೆಟ್ ಕೌಂಟರಿನ ಮುಂದೆ ಇರಿ. ಬೈನಾಕ್ಯುಲರ್ ಇದ್ದರೆ ತನ್ನಿ. ತಿಂಡಿ ಪೊಟ್ಟಣ ಕಾರಿನಲ್ಲೇ ಇರಲಿ.